ನಲ್ಲಿ ನೀರಿನ ಕ್ಲೋರಿನ್ ತೆಗೆಯಬೇಕೇ? ತೆಗೆಯುವುದಾದರೆ ಎಲ್ಲಿ, ಹೇಗೆ?

ನಲ್ಲಿ ನೀರಿಗೆ ಕ್ಲೋರಿನ್ ಎಂಬ ವಿಷ ಬೆರೆಸುತ್ತಾರೆ, ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಂದದ್ದು ಇದೇ ಗ್ಯಾಸ್, ಇದರಿಂದ ಕ್ಯಾನ್ಸರ್ ಬರುತ್ತದೆ, ಕೂದಲು ಉದುರುತ್ತದೆ, ಹಾಗಾಗಿ ನೀರು ಮನೆಯೊಳಗೆ ಬರುವ ಮೊದಲೇ ಅದನ್ನು ತೆಗೆದುಬಿಡಿ. ಇಂಥ ಮೆಸೇಜು ಒಂದಲ್ಲ ಒಂದು ರೂಪದಲ್ಲಿ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರುತ್ತದೆ. ಕೆಳಗೆ ಒಂದು ಫಿಲ್ಟರಿನ ಜಾಹೀರಾತು ಇರುತ್ತದೆ, ಇಲ್ಲವೇ ತುಳಸಿ, ಪಟಿಕ, ತಾಮ್ರದ ಚೊಂಬು, ನಿಂಬೆಹಣ್ಣಿನ ಉಪಾಯ ಇರುತ್ತದೆ.

ಈ ಮೆಸೇಜಿನಲ್ಲಿ ಎಲ್ಲವೂ ಸುಳ್ಳಲ್ಲ. ಯುದ್ಧದ ಮಾತು ನಿಜ. ಕ್ಯಾನ್ಸರಿನ ಮಾತಿಗೂ ಒಂದು ಎಳೆಯಷ್ಟು ಆಧಾರವಿದೆ. ನಿಂಬೆಹಣ್ಣಿನ ಉಪಾಯವಂತೂ ನಮ್ಮನ್ನೇ ಬೆರಗುಗೊಳಿಸುವಷ್ಟು ಸರಿ. ತೊಂದರೆ ಇರುವುದು ಕೊನೆಯ ಸಲಹೆಯಲ್ಲಿ. ನೀರು ಮನೆಯೊಳಗೆ ಬರುವ ಮೊದಲೇ, ಅಂದರೆ ಸಂಪಿನಲ್ಲೋ ಟ್ಯಾಂಕಿನಲ್ಲೋ ಕ್ಲೋರಿನ್ ತೆಗೆಯುವುದು ನಮ್ಮ ಊರುಗಳಲ್ಲಿ ಮಾಡಬಾರದ ಕೆಲಸ. ಲೋಟಕ್ಕೆ ಬರುವ ಹೊತ್ತಿಗೆ ತೆಗೆದರೆ ಯಾವ ತೊಂದರೆಯೂ ಇಲ್ಲ. ಈ ವ್ಯತ್ಯಾಸ ಏಕೆ ಅಷ್ಟು ಮುಖ್ಯ ಎಂಬುದನ್ನು ನೋಡೋಣ.

ಮೊದಲು ಯುದ್ಧದ ಗ್ಯಾಸ್ ವಿಷಯ

1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ ಊರಿನ ಬಳಿ ಜರ್ಮನ್ ಸೇನೆ ಸಿಲಿಂಡರುಗಳಿಂದ ಟನ್ನುಗಟ್ಟಲೆ ಕ್ಲೋರಿನ್ ಅನಿಲವನ್ನು ಗಾಳಿಗೆ ಬಿಟ್ಟಿತು. ಅದನ್ನು ಉಸಿರಾಡಿದ ಸೈನಿಕರ ಶ್ವಾಸಕೋಶ ಸುಟ್ಟುಹೋಯಿತು. ಇದು ಇತಿಹಾಸ. ಆದರೆ ನಲ್ಲಿ ನೀರಿನಲ್ಲಿ ಇರುವುದು ಅನಿಲದ ಮೋಡವಲ್ಲ. ಕ್ಲೋರಿನ್ ನೀರಿಗೆ ಬಿದ್ದ ಕೂಡಲೇ ಹೈಪೋಕ್ಲೋರಸ್ ಆಮ್ಲ ಎಂಬ ಬೇರೆ ವಸ್ತುವಾಗುತ್ತದೆ. ರೋಗಾಣುಗಳನ್ನು ಕೊಲ್ಲುವುದು ಮುಖ್ಯವಾಗಿ ಇದೇ. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರು ನೀರಿನಲ್ಲಿ ಕರಗಿದಾಗಲೂ ಹುಟ್ಟುವುದು ಇದೇ ಆಮ್ಲ.

ಪ್ರಮಾಣ ಎಷ್ಟು? ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು, 1 ಮಿಲಿಗ್ರಾಂ ದಾಟಬಾರದು. ಇಲ್ಲಿ ‘ಇರಬೇಕು’ ಎಂಬ ಮಾತನ್ನು ಗಮನಿಸಿ. ಆ ಮಾನದಂಡದ ಪಟ್ಟಿಯಲ್ಲಿ ಸೀಸ, ಆರ್ಸೆನಿಕ್, ನೈಟ್ರೇಟುಗಳಿಗೆ ಇರುವುದು ಇಷ್ಟಕ್ಕಿಂತ ಹೆಚ್ಚಿರಬಾರದು ಎಂಬ ಮಿತಿ. ಕ್ಲೋರಿನ್ನಿಗೆ ಮಾತ್ರ ಇಷ್ಟಕ್ಕಿಂತ ಕಡಿಮೆಯಾಗಬಾರದು ಎಂಬ ಷರತ್ತು. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯದ ದೃಷ್ಟಿಯಿಂದ ಹಾಕಿರುವ ಮೇಲ್ಮಿತಿ ಲೀಟರಿಗೆ 5 ಮಿಲಿಗ್ರಾಂ, ಅಂದರೆ ನಮ್ಮ ಮಿತಿಯ ಐದು ಪಟ್ಟು.

ನಿಮ್ಮ ಮನೆಯ ಮೇಲಿರುವ ಸಾವಿರ ಲೀಟರಿನ ಟ್ಯಾಂಕಿನಲ್ಲಿ ಲೀಟರಿಗೆ ಅರ್ಧ ಮಿಲಿಗ್ರಾಂ ಇದೆ ಎಂದುಕೊಳ್ಳಿ. ಇಡೀ ಟ್ಯಾಂಕಿನಲ್ಲಿರುವ ಕ್ಲೋರಿನ್ ಕೂಡಿಸಿದರೆ ಅರ್ಧ ಗ್ರಾಂ. ಒಂದು ಚಿಟಿಕೆ ಉಪ್ಪಿನ ತೂಕ. ಆದರೂ ವಾಸನೆ ಏಕೆ ಅಷ್ಟು ಹೊಡೆಯುತ್ತದೆ? ನಮ್ಮ ಮೂಗು, ನಾಲಿಗೆ ಅದಕ್ಕೆ ಅಷ್ಟು ಸೂಕ್ಷ್ಮ. ಕೆಲವರಿಗೆ ಲೀಟರಿಗೆ 0.3 ಮಿಲಿಗ್ರಾಂ ಇದ್ದರೂ ರುಚಿ ಗೊತ್ತಾಗುತ್ತದೆ. ಹಾಗಾಗಿ ವಾಸನೆ ಬಂತು ಎಂದರೆ ಅಪಾಯದ ಮಟ್ಟ ಮುಟ್ಟಿತು ಎಂದರ್ಥವಲ್ಲ.

ನೀರು ನಮ್ಮ ಮನೆಗೆ ಬರುವ ದಾರಿ

ಕ್ಲೋರಿನ್ ಬೇಕೋ ಬೇಡವೋ ಎಂಬ ಚರ್ಚೆಯಲ್ಲಿ ಎಲ್ಲರೂ ಮರೆಯುವುದು ಪೈಪನ್ನು.

ಬೆಂಗಳೂರಿನ ಕಾವೇರಿ ನೀರನ್ನೇ ತೆಗೆದುಕೊಳ್ಳಿ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ಶುದ್ಧವಾದ ನೀರನ್ನು ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಪಂಪ್ ಮಾಡಿ ಸುಮಾರು 100 ಕಿಲೋಮೀಟರ್ ದೂರ, ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಎತ್ತರಕ್ಕೆ ಹತ್ತಿಸುತ್ತಾರೆ. ಅಲ್ಲಿಂದ ಬಡಾವಣೆಯ ದೊಡ್ಡ ಟ್ಯಾಂಕು, ಬೀದಿಯ ಪೈಪು, ಮನೆಯ ಸಂಪು, ಮೋಟರು, ಓವರ್‌ಹೆಡ್ ಟ್ಯಾಂಕು, ಕೊನೆಗೆ ನಲ್ಲಿ. ಘಟಕದಿಂದ ಹೊರಟಾಗ ನೀರು ಎಷ್ಟೇ ಶುದ್ಧವಾಗಿದ್ದರೂ ಈ ದಾರಿಯಲ್ಲಿ ಎಲ್ಲಿ ಬೇಕಾದರೂ ಕೆಡಬಹುದು.

ಅದರಲ್ಲೂ ನಮ್ಮಲ್ಲಿ ನೀರು ದಿನದ 24 ಗಂಟೆ ಬರುವುದಿಲ್ಲ. ದಿನ ಬಿಟ್ಟು ದಿನವೋ, ವಾರಕ್ಕೆ ಎರಡು ಸಲವೋ ಬಿಡುತ್ತಾರೆ. ಪೈಪಿನಲ್ಲಿ ನೀರು ತುಂಬಿ ಒತ್ತಡ ಇರುವಾಗ ಬಿರುಕಿದ್ದರೆ ನೀರು ಹೊರಗೆ ಸೋರುತ್ತದೆ. ನೀರು ನಿಂತು ಒತ್ತಡ ಇಳಿದಾಗ ಆಗುವುದು ಇದರ ತಿರುಗುಮುರುಗು: ಸುತ್ತಲಿನ ಮಣ್ಣಿನ ತೇವ, ಪಕ್ಕದ ಚರಂಡಿಯ ಕೊಳಚೆ ಅದೇ ಬಿರುಕಿನಿಂದ ಒಳಗೆ ನುಗ್ಗುತ್ತದೆ. ಯಾರಾದರೂ ಪೈಪಿಗೆ ನೇರವಾಗಿ ಮೋಟರು ಹಾಕಿ ಎಳೆದರೆ ಇನ್ನೂ ಜೋರಾಗಿ ನುಗ್ಗುತ್ತದೆ. ಮರುದಿನ ನೀರು ಬಿಟ್ಟಾಗ ಮೊದಲು ಬರುವುದು ಈ ನೀರೇ. ಬೀದಿ ನಲ್ಲಿಯಲ್ಲಿ ಮೊದಲ ಎರಡು ಕೊಡ ಚೆಲ್ಲಿ ಆಮೇಲೆ ಹಿಡಿಯುವ ಹೆಂಗಸರಿಗೆ ಇದನ್ನು ಯಾವ ಎಂಜಿನಿಯರೂ ಹೇಳಿಕೊಡಬೇಕಾಗಿಲ್ಲ.

ಇಲ್ಲಿ ಕೆಲಸ ಮಾಡುವುದು ‘ಉಳಿಕೆ’ ಕ್ಲೋರಿನ್. ಘಟಕದಲ್ಲಿ ಹಾಕಿದ ಕ್ಲೋರಿನ್ನಿನಲ್ಲಿ ಸ್ವಲ್ಪ ಅಲ್ಲಿನ ರೋಗಾಣುಗಳನ್ನು ಕೊಲ್ಲುವುದರಲ್ಲಿ ಖರ್ಚಾಗುತ್ತದೆ. ಮಿಕ್ಕಿದ್ದು ನೀರಿನ ಜೊತೆ ಕಾವಲುಗಾರನಂತೆ ಪ್ರಯಾಣ ಮಾಡುತ್ತದೆ. ದಾರಿಯಲ್ಲಿ ಸ್ವಲ್ಪ ಕೊಳೆ ಸೇರಿದರೆ ಅದರ ಜೊತೆ ಹೊಡೆದಾಡಿ ತಾನೂ ಕರಗುತ್ತದೆ. ನಲ್ಲಿಯಲ್ಲಿ ಇನ್ನೂ 0.2 ಮಿಲಿಗ್ರಾಂ ಉಳಿದಿದೆ ಎಂದರೆ ಕಾವಲುಗಾರ ಜೀವಂತವಾಗಿದ್ದಾನೆ ಎಂದು ತಿಳಿಯಬಹುದು. ಸೊನ್ನೆಯಾಗಿದ್ದರೆ ಎರಡು ಸಾಧ್ಯತೆಗಳಿವೆ. ಹಾಕಿಯೇ ಇಲ್ಲ, ಅಥವಾ ದಾರಿಯಲ್ಲಿ ಸೇರಿದ ಕೊಳೆ ಎಲ್ಲವನ್ನೂ ತಿಂದುಹಾಕಿದೆ. ಸಾಂಕ್ರಾಮಿಕ ಕಾಯಿಲೆ ಕಂಡ ಊರಿಗೆ ಹೋಗುವ ಆರೋಗ್ಯ ಸಿಬ್ಬಂದಿ ಮೊದಲು ನಲ್ಲಿಯ ಕ್ಲೋರಿನ್ ಅಳೆಯುವುದು ಇದಕ್ಕೇ.

2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಡೆದದ್ದು ಹಲವರಿಗೆ ನೆನಪಿರಬಹುದು. ಕಲುಷಿತ ನಲ್ಲಿ ನೀರು ಕುಡಿದು ನೂರಕ್ಕೂ ಹೆಚ್ಚು ಜನ ವಾಂತಿ-ಭೇದಿಯಿಂದ ಆಸ್ಪತ್ರೆ ಸೇರಿದರು, ಕೆಲವರು ಜೀವ ಕಳೆದುಕೊಂಡರು. ಕುಡಿದ ನೀರು ಒಂದೆರಡು ದಿನದಲ್ಲಿ ಕೊಲ್ಲಬಲ್ಲದು ಎಂಬುದು ನಮಗೆ ಹಳೆಯ ಕಾಲದ ಕಥೆಯಲ್ಲ.

ಕ್ಲೋರಿನ್ ಬಂದ ಕಥೆ

ಕುಡಿಯುವ ನೀರಿಗೆ ‘ಕೆಮಿಕಲ್’ ಹಾಕುವುದನ್ನು ಜನ ವಿರೋಧಿಸಿದ್ದು ಇದು ಮೊದಲ ಸಲವೇನಲ್ಲ. 1905ರಲ್ಲಿ ಇಂಗ್ಲೆಂಡಿನ ಲಿಂಕನ್ ನಗರದಲ್ಲಿ ಟೈಫಾಯ್ಡ್ ಹರಡಿದಾಗ ಅಲೆಕ್ಸಾಂಡರ್ ಹ್ಯೂಸ್ಟನ್ ಎಂಬ ವೈದ್ಯ ನಗರದ ನೀರಿಗೆ ಸೋಡಿಯಂ ಹೈಪೋಕ್ಲೋರೈಟ್ ಹಾಕಿಸಿದರು. ಅಮೆರಿಕದ ಜರ್ಸಿ ಸಿಟಿಯ ಕಥೆ ಇನ್ನೂ ಸ್ವಾರಸ್ಯದ್ದು. ನೀರು ಪೂರೈಸುವ ಕಂಪನಿ ಶುದ್ಧ ನೀರು ಕೊಡುತ್ತಿಲ್ಲ ಎಂದು ನಗರ ಕೋರ್ಟಿಗೆ ಹೋಗಿತ್ತು. ಕಂಪನಿಯ ಸಲಹೆಗಾರ ಡಾ. ಜಾನ್ ಲೀಲ್ 1908ರಲ್ಲಿ ಯಾರ ಅನುಮತಿಯನ್ನೂ ಕೇಳದೆ ಊರಿನ ಜಲಾಶಯದ ನೀರಿಗೆ ಬ್ಲೀಚಿಂಗ್ ಪೌಡರಿನ ದ್ರಾವಣ ಸೇರಿಸಲು ಆರಂಭಿಸಿದರು. ಲೀಲ್ ಅವರ ತಂದೆ ಅಮೆರಿಕದ ಅಂತರ್ಯುದ್ಧದಲ್ಲಿ ಕೆಟ್ಟ ನೀರಿನಿಂದ ಅಂಟಿದ ಭೇದಿಯಲ್ಲಿ ವರ್ಷಗಟ್ಟಲೆ ನರಳಿ ಸತ್ತವರು. ವಿಷಯ ಕೋರ್ಟಿನಲ್ಲಿ ಬಯಲಾದಾಗ ಗದ್ದಲವಾಯಿತು, ಕೊನೆಗೆ ಕೋರ್ಟು ಲೀಲ್ ಪರವಾಗಿ ನಿಂತಿತು. ಇವತ್ತು ಹೀಗೆ ಯಾರಿಗೂ ಹೇಳದೆ ಮಾಡಿದರೆ ಜೈಲೇ ಗತಿ, ಅದು ಬೇರೆ ಮಾತು. ಮುಂದಿನ ಕೆಲವು ದಶಕಗಳಲ್ಲಿ ಈ ಪದ್ಧತಿ ಅಮೆರಿಕದ ನಗರಗಳಲ್ಲಿ ಹರಡಿತು, ಟೈಫಾಯ್ಡ್ ಸಾವುಗಳು ಪಾತಾಳಕ್ಕಿಳಿದವು. ನೀರನ್ನು ಸೋಸುವ ಮರಳಿನ ಹಾಸುಗಳಿಗೂ ಇದರಲ್ಲಿ ದೊಡ್ಡ ಪಾಲಿದೆ.

ಹಾಗಾದರೆ ಕ್ಯಾನ್ಸರ್?

ಇದು ಫಾರ್ವರ್ಡಿನ ಅತ್ಯಂತ ಗಂಭೀರ ಭಾಗ. ಇದನ್ನು ನಕ್ಕು ತಳ್ಳಿಹಾಕುವುದು ಸರಿಯಲ್ಲ.

1974ರಲ್ಲಿ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ನೀರು ಸರಬರಾಜಿನ ರಸಾಯನಶಾಸ್ತ್ರಜ್ಞ ಯೊಹಾನೆಸ್ ರೂಕ್ ಒಂದು ವಿಷಯ ಪ್ರಕಟಿಸಿದರು. ನದಿ ನೀರಿನಲ್ಲಿ ಕೊಳೆತ ಎಲೆ, ಗಿಡಗಳಿಂದ ಬಂದ ಸಾವಯವ ವಸ್ತು ಇರುತ್ತದೆ. ಕ್ಲೋರಿನ್ ಅದರ ಜೊತೆ ಸೇರಿದಾಗ ಕ್ಲೋರೋಫಾರ್ಮ್ ಮತ್ತು ಅದರ ಬಂಧುಗಳು ಸ್ವಲ್ಪ ಸ್ವಲ್ಪ ಹುಟ್ಟುತ್ತವೆ. ಇವುಗಳಿಗೆ ಟ್ರೈಹ್ಯಾಲೋಮೀಥೇನ್ ಎಂದು ಹೆಸರು. ಪ್ರಾಣಿಗಳಿಗೆ ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ಇವುಗಳಲ್ಲಿ ಕೆಲವು ಕ್ಯಾನ್ಸರ್ ತಂದಿವೆ. ದಶಕಗಳ ಕಾಲ ಇವು ಹೆಚ್ಚಿರುವ ನೀರು ಕುಡಿದವರಲ್ಲಿ ಮೂತ್ರಕೋಶದ ಕ್ಯಾನ್ಸರ್ ಸ್ವಲ್ಪ ಹೆಚ್ಚು ಎಂದು ಕೆಲವು ಅಧ್ಯಯನಗಳು ತೋರಿಸಿವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಕ್ಲೋರೋಫಾರ್ಮನ್ನು ‘ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದ’ 2ಬಿ ಗುಂಪಿನಲ್ಲಿ ಇಟ್ಟಿದೆ. ಕ್ಲೋರಿನ್ ಹಾಕಿದ ಕುಡಿಯುವ ನೀರನ್ನು 1991ರಲ್ಲಿ ಪರಿಶೀಲಿಸಿ 3ನೇ ಗುಂಪಿಗೆ ಸೇರಿಸಿತು, ಅಂದರೆ ಹೌದು-ಅಲ್ಲ ಎಂದು ವರ್ಗೀಕರಿಸಲು ಪುರಾವೆ ಸಾಲದು ಎಂದು.

ಈ ಉಪವಸ್ತುಗಳಿಗೂ ನಮ್ಮ ಮಾನದಂಡದಲ್ಲಿ ಮಿತಿ ಇದೆ. ಕ್ಲೋರೋಫಾರ್ಮಿಗೆ ಲೀಟರಿಗೆ 0.2 ಮಿಲಿಗ್ರಾಂ. ಇವನ್ನು ಕಡಿಮೆ ಮಾಡುವ ಸರಿಯಾದ ಜಾಗ ಶುದ್ಧೀಕರಣ ಘಟಕ. ಕ್ಲೋರಿನ್ ಹಾಕುವ ಮೊದಲೇ ನೀರನ್ನು ಚೆನ್ನಾಗಿ ತಿಳಿಗೊಳಿಸಿ ಸೋಸಿದರೆ ಸಾವಯವ ವಸ್ತು ಕಡಿಮೆಯಾಗುತ್ತದೆ, ಉಪವಸ್ತುವೂ ಕಡಿಮೆ ಹುಟ್ಟುತ್ತದೆ. ಇನ್ನೊಂದು ಮಾತು ಹೇಳಲೇಬೇಕು. ಒಂದು ಕಡೆ ಇರುವುದು ಮೂವತ್ತು-ನಲವತ್ತು ವರ್ಷ ಕುಡಿದರೆ ಬರಬಹುದಾದ ಸಣ್ಣ ಅಪಾಯ. ಇನ್ನೊಂದು ಕಡೆ ಇರುವುದು ನಾಳೆ ಬೆಳಿಗ್ಗೆ ಮಗುವಿಗೆ ಬರುವ ಭೇದಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಯಾವುದು ಭಾರ ಎಂದು ಕೇಳಬೇಕಾಗಿಯೇ ಇಲ್ಲ.

ಹೀಗೆ ಹೇಳಿದ ಕೂಡಲೇ ಗ್ರೂಪಿನಲ್ಲಿ ಒಬ್ಬರು ಖಂಡಿತ ಕೇಳುತ್ತಾರೆ: ನೆದರ್ಲೆಂಡ್ಸ್‌ನಲ್ಲಿ ಕ್ಲೋರಿನ್ ಹಾಕುವುದೇ ಇಲ್ಲವಲ್ಲ? ನಿಜ, ಅಲ್ಲಿ ಈಗ ಕುಡಿಯುವ ನೀರಿಗೆ ಕ್ಲೋರಿನ್ ಬಳಸುವುದಿಲ್ಲ. ಆದರೆ ಅಲ್ಲಿನ ಪೈಪುಗಳಲ್ಲಿ ಸೋರಿಕೆ ನೂರಕ್ಕೆ ಸುಮಾರು 5 ಭಾಗ ಮಾತ್ರ, ಒತ್ತಡ ಹಗಲೂ ರಾತ್ರಿ ಇರುತ್ತದೆ, ಮನೆಗೆ ಸಂಪು ಬೇಕಿಲ್ಲ. ಕಾವಲುಗಾರನನ್ನು ಬೇಡ ಎನ್ನುವ ಮೊದಲು ಅವರು ಮನೆಯ ಗೋಡೆ ಗಟ್ಟಿ ಮಾಡಿಕೊಂಡರು. ನಮ್ಮದು ಇನ್ನೂ ಬೇಲಿ ಹಾಕದ ಹೊಲ.

ಇದಕ್ಕೆ ಎದುರಾಗಿ ಓಡಾಡುವ ಇನ್ನೊಂದು ಕಥೆಯನ್ನೂ ಪರೀಕ್ಷಿಸದೆ ನಂಬಬೇಡಿ. 1991ರಲ್ಲಿ ಪೆರು ದೇಶದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನರಿಗೆ ಕಾಲರಾ ಬಂತು. ಕ್ಯಾನ್ಸರ್ ಭಯದಿಂದ ಕ್ಲೋರಿನ್ ನಿಲ್ಲಿಸಿದ್ದಕ್ಕೇ ಹೀಗಾಯಿತು ಎಂದು ಕ್ಲೋರಿನ್ ಪರ ಇರುವವರು ಹೇಳುತ್ತಾರೆ. ನಂತರದ ಪರಿಶೀಲನೆಗಳು ತೋರಿಸಿದ್ದು ಬೇರೆ. ಅಲ್ಲಿನ ಅನೇಕ ಕಡೆ ಸರಿಯಾದ ನೀರು ಸರಬರಾಜು, ಚರಂಡಿ, ಕ್ಲೋರಿನ್ ವ್ಯವಸ್ಥೆ ಮೊದಲೇ ಹದಗೆಟ್ಟಿತ್ತು ಅಥವಾ ಇರಲೇ ಇಲ್ಲ. ನಮ್ಮ ಮಾತಿಗೆ ಅನುಕೂಲವಾದ ಕಥೆಯನ್ನೂ ಹೀಗೆ ಜರಡಿ ಹಿಡಿಯದಿದ್ದರೆ ನಮಗೂ ಫಾರ್ವರ್ಡಿಗೂ ಏನು ವ್ಯತ್ಯಾಸ?

ಮನೆಯಲ್ಲಿ ತೆಗೆಯುವುದು ಹೇಗೆ?

ರುಚಿ, ವಾಸನೆ ಹಿಡಿಸದೆ ಕುಡಿಯುವ ನೀರಿನಿಂದ ಮಾತ್ರ ಕ್ಲೋರಿನ್ ತೆಗೆಯಬೇಕೆಂದರೆ ದುಡ್ಡು ಖರ್ಚು ಮಾಡಲೇಬೇಕೆಂದಿಲ್ಲ.

ನೀರು ಹಿಡಿದು ಅಗಲ ಬಾಯಿಯ ಪಾತ್ರೆಯಲ್ಲಿ ತೆಳು ಬಟ್ಟೆ ಮುಚ್ಚಿ ಕೆಲವು ಗಂಟೆ ಇಟ್ಟರೆ ಕ್ಲೋರಿನ್ ತಾನಾಗಿ ಹೊರಟುಹೋಗುತ್ತದೆ. ಬಾಯಿ ಕಿರಿದಾದ ಬಾಟಲಿಯಲ್ಲಿ ನಿಧಾನ, ಅಗಲ ಪಾತ್ರೆಯಲ್ಲಿ ಬೇಗ. ಬಿಸಿಲು ಬಿದ್ದರೆ ಇನ್ನೂ ಬೇಗ, ಏಕೆಂದರೆ ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಅದನ್ನು ಒಡೆಯುತ್ತದೆ. ಎರಡು ಪಾತ್ರೆಗಳ ನಡುವೆ ಕಾಫಿ ಎತ್ತಿ ಹೊಯ್ದಂತೆ ನಾಲ್ಕಾರು ಸಲ ಹೊಯ್ದರೂ ವಾಸನೆ ಕಡಿಮೆಯಾಗುತ್ತದೆ.

ಕುದಿಸುವುದು ಎಲ್ಲಕ್ಕಿಂತ ಒಳ್ಳೆಯದು, ಒಂದೇ ಏಟಿಗೆ ಎರಡು ಕೆಲಸ. ನೀರು ಗುಳುಗುಳು ಕುದಿಯಲು ಆರಂಭಿಸಿದ ಮೇಲೆ ಒಂದು ನಿಮಿಷ ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಇನ್ನೂ ಕೆಲವು ನಿಮಿಷ ಕುದಿಸಿದರೆ ಕ್ಲೋರಿನ್ ಬಹುಪಾಲು ಹಾರಿಹೋಗುತ್ತದೆ. ಕ್ಲೋರೋಫಾರ್ಮಿನಂಥ ಉಪವಸ್ತುಗಳೂ ಆವಿಯಾಗಿ ಹೋಗುವ ಗುಣದವು, ಅವೂ ಕಡಿಮೆಯಾಗುತ್ತವೆ. ಕುದಿಸುವಾಗ ಅಡುಗೆಮನೆ ಕಿಟಕಿ ತೆರೆದಿರಲಿ. ಕ್ಲೋರಿನ್ನಿಗೆ ಬಗ್ಗದ ಕೆಲವು ಜೀವಿಗಳೂ ಇವೆ ಎಂಬುದು ನೆನಪಿರಲಿ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ಶುದ್ಧೀಕರಣ ಘಟಕವನ್ನೂ ದಾಟಿ ಸುಮಾರು ನಾಲ್ಕು ಲಕ್ಷ ಜನರನ್ನು ಮಲಗಿಸಿತ್ತು. ಕ್ಲೋರಿನ್ ಅದನ್ನು ಏನೂ ಮಾಡಲಿಲ್ಲ. ಕುದಿತ ಅದನ್ನೂ ಕೊಲ್ಲುತ್ತದೆ.

ಆದರೆ ಕುದಿಸಿ ಆರಿಸಿದ ನೀರಿನಲ್ಲಿ ಕಾವಲುಗಾರನಿಲ್ಲ. ಅದಕ್ಕೆ ಕೈ ಹಾಕಿ ಲೋಟ ಅದ್ದಿದರೆ ಕೈಯಲ್ಲಿದ್ದದ್ದೆಲ್ಲ ನೀರಿನಲ್ಲಿ ಹಾಯಾಗಿ ಬೆಳೆಯುತ್ತದೆ. ಮುಚ್ಚಳವಿರುವ, ನಲ್ಲಿ ಇರುವ ಪಾತ್ರೆಯಲ್ಲಿಡಿ, ಇಲ್ಲವೇ ಉದ್ದ ಹಿಡಿಯ ಸೌಟು ಬಳಸಿ. ಒಂದು ದಿನಕ್ಕೆ ಬೇಕಾದಷ್ಟೇ ಮಾಡಿಕೊಳ್ಳಿ.

ಫಿಲ್ಟರ್ ವಿಷಯಕ್ಕೆ ಬಂದರೆ ಕ್ಲೋರಿನ್ ತೆಗೆಯುವುದು ಅದರೊಳಗಿನ ಇದ್ದಿಲು, ಅಂದರೆ ಆಕ್ಟಿವೇಟೆಡ್ ಕಾರ್ಬನ್. ತೆಂಗಿನ ಚಿಪ್ಪಿನಿಂದಲೂ ಇದನ್ನು ಮಾಡುತ್ತಾರೆ. ಕ್ಲೋರಿನ್ ಜೊತೆಗೆ ಉಪವಸ್ತುಗಳನ್ನೂ ಇದು ಹಿಡಿದಿಡುತ್ತದೆ. ಕ್ಲೋರಿನ್ ತೆಗೆಯಲು ಆರ್‌ಒ ಬೇಕು ಎಂದು ಅಂಗಡಿಯವರು ಹೇಳಿದರೆ ನಂಬಬೇಡಿ. ನಿಜ ಹೇಳಬೇಕೆಂದರೆ ಆರ್‌ಒ ಮೆಂಬ್ರೇನಿಗೆ ಕ್ಲೋರಿನ್ ಶತ್ರು. ಅದು ಮೆಂಬ್ರೇನನ್ನು ಹಾಳು ಮಾಡುತ್ತದೆ ಎಂದೇ ಪ್ರತಿ ಆರ್‌ಒ ಯಂತ್ರದಲ್ಲೂ ಮುಂದೆ ಒಂದು ಕಾರ್ಬನ್ ಫಿಲ್ಟರ್ ಇಟ್ಟಿರುತ್ತಾರೆ. ಕೆಲಸ ಮಾಡುವುದು ಆ ಅಗ್ಗದ ಇದ್ದಿಲು, ಹೆಸರು ಮಾತ್ರ ಆರ್‌ಒಗೆ. ಆರ್‌ಒ ಬೇಕಾಗುವುದು ಫ್ಲೋರೈಡ್, ನೈಟ್ರೇಟ್, ಉಪ್ಪಿನಂಶ ಹೆಚ್ಚಿರುವ ಬೋರ್‌ವೆಲ್ ನೀರಿಗೆ. ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಇರುವ ಕಡೆ ಆರ್‌ಒ ಬಳಕೆ ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿದೆ. ಒಂದು ಲೀಟರ್ ಕೊಟ್ಟು ಅದಕ್ಕಿಂತ ಹೆಚ್ಚು ನೀರನ್ನು ಚರಂಡಿಗೆ ಬಿಡುವ ಯಂತ್ರ ಅದು.

ಕಾರ್ಬನ್ನಿಗೂ ಒಂದು ಕೆಟ್ಟ ಮುಖವಿದೆ. ಕ್ಲೋರಿನ್ ಹಿಡಿದ ಮೇಲೆ ಫಿಲ್ಟರಿನ ಒಳಭಾಗ ಬ್ಯಾಕ್ಟೀರಿಯಾಗಳಿಗೆ ನೆರಳು, ತೇವ, ಆಹಾರ ಮೂರೂ ಸಿಗುವ ಛತ್ರ. ವರ್ಷಗಟ್ಟಲೆ ಬದಲಾಯಿಸದ ಕಾರ್ಟ್ರಿಜ್ ನೀರನ್ನು ಶುದ್ಧಗೊಳಿಸುವ ಬದಲು ಕೆಡಿಸಬಹುದು. ಆದ್ದರಿಂದ ಕಾರ್ಬನ್ ಆದ ಮೇಲೆ ಯುವಿ ಇರುವ ಯಂತ್ರ ಒಳ್ಳೆಯದು. ರಜೆಗೆ ಊರಿಗೆ ಹೋಗಿ ವಾರದ ಮೇಲೆ ಬಂದರೆ ಫಿಲ್ಟರಿನಲ್ಲಿ ನಿಂತ ನೀರನ್ನು ಗಿಡಕ್ಕೆ ಹಾಕಿ.

ನಿಂಬೆಹಣ್ಣು, ಪಟಿಕ, ತಾಮ್ರದ ಚೊಂಬು

ನಿಂಬೆಹಣ್ಣಿನಲ್ಲಿರುವ ವಿಟಮಿನ್ ಸಿ ಕ್ಲೋರಿನ್ನನ್ನು ಕ್ಷಣದಲ್ಲಿ ನಿಷ್ಕ್ರಿಯಗೊಳಿಸುತ್ತದೆ. ಲೆಕ್ಕ ಹೀಗಿದೆ. 1 ಮಿಲಿಗ್ರಾಂ ಕ್ಲೋರಿನ್ನಿಗೆ ಸುಮಾರು 2.5 ಮಿಲಿಗ್ರಾಂ ವಿಟಮಿನ್ ಸಿ ಸಾಕು. ಲೀಟರಿಗೆ ಅರ್ಧ ಮಿಲಿಗ್ರಾಂ ಕ್ಲೋರಿನ್ ಇರುವ ನೀರಿಗೆ ಒಂದೂಕಾಲು ಮಿಲಿಗ್ರಾಂ. ಒಂದು ಟೀ ಚಮಚ ನಿಂಬೆರಸದಲ್ಲಿ ಅದಕ್ಕಿಂತ ಹೆಚ್ಚೇ ಇರುತ್ತದೆ. ಹಾಗಾಗಿ ಪಾನಕ, ಶರಬತ್ತು ಮಾಡಿದಾಗ ಕ್ಲೋರಿನ್ ವಾಸನೆ ಬರುವುದಿಲ್ಲ. ಆದರೆ ನಿಂಬೆ ರೋಗಾಣುಗಳನ್ನು ಕೊಲ್ಲುವುದಿಲ್ಲ, ಕೊಲ್ಲುವವನನ್ನು ಕಟ್ಟಿಹಾಕುತ್ತದೆ ಅಷ್ಟೆ. ಕುಡಿಯುವ ಮುಂಚೆ ಹಿಂಡಿ. ಟ್ಯಾಂಕಿಗೆ ಹಾಕುವ ಯೋಚನೆ ಮಾಡಬೇಡಿ.

ಪಟಿಕ ಕ್ಲೋರಿನ್ನಿಗೆ ಏನೂ ಮಾಡುವುದಿಲ್ಲ. ಅದು ಕೆಸರನ್ನು ಗಂಟು ಕಟ್ಟಿಸಿ ತಳಕ್ಕಿಳಿಸುತ್ತದೆ, ಶುದ್ಧೀಕರಣ ಘಟಕಗಳಲ್ಲೂ ಅದಕ್ಕೇ ಬಳಸುತ್ತಾರೆ. ತುಳಸಿ ದಳ ಹಾಕಿದರೆ ಎಲೆಯ ಸಾವಯವ ವಸ್ತು ಸ್ವಲ್ಪ ಕ್ಲೋರಿನ್ ಹೀರಬಹುದು, ರುಚಿಯೂ ಚೆನ್ನಾಗಿರಬಹುದು, ಅದನ್ನು ಶುದ್ಧೀಕರಣ ಎನ್ನಲಾಗದು.

ತಾಮ್ರದ ಕಥೆ ಬೇರೆ. ಭೇದಿ ತರುವ ಬ್ಯಾಕ್ಟೀರಿಯಾಗಳಿರುವ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟಾಗ ಅವು ಸತ್ತವು ಎಂದು ಬೆಂಗಳೂರಿನ ಸಂಶೋಧಕರ ತಂಡವೊಂದು 2012ರಲ್ಲಿ ಪ್ರಕಟಿಸಿತ್ತು. ಅಜ್ಜಿಯ ಚೊಂಬಿಗೆ ಸಿಕ್ಕ ಒಳ್ಳೆಯ ಸಮರ್ಥನೆ. ಗಮನಿಸಬೇಕಾದ್ದು, ಆ ಕೆಲಸಕ್ಕೆ 16 ಗಂಟೆ ಬೇಕು. ಅದು ಬ್ಯಾಕ್ಟೀರಿಯಾದ ಲೆಕ್ಕ, ಕ್ಲೋರಿನ್ ತೆಗೆಯುವ ಲೆಕ್ಕವಲ್ಲ.

ಮನೆ ಬಾಗಿಲಿಗೆ ಬರುವ ಮ್ಯಾಜಿಕ್

ಫಿಲ್ಟರ್ ಮಾರುವವರ ಎರಡು ಡೆಮೊಗಳ ಗುಟ್ಟನ್ನು ತಿಳಿದುಕೊಂಡರೆ ಕೆಲವು ಸಾವಿರ ಉಳಿಯುತ್ತದೆ.

ಮೊದಲನೆಯದು ಹಳದಿ ಬಣ್ಣದ್ದು. ನಿಮ್ಮ ನಲ್ಲಿ ನೀರಿಗೆ ಒಂದೆರಡು ಹನಿ ಔಷಧ ಹಾಕುತ್ತಾರೆ, ನೀರು ಹಳದಿಯಾಗುತ್ತದೆ, ನೀವು ಬೆಚ್ಚಿಬೀಳುತ್ತೀರಿ. ಆ ಹನಿ ಆರ್ಥೋಟೊಲಿಡಿನ್ ಎಂಬ ರಾಸಾಯನಿಕ. ಕ್ಲೋರಿನ್ ಇದ್ದರೆ ಹಳದಿಯಾಗುವುದೇ ಅದರ ಕೆಲಸ. ನಿಮ್ಮ ನೀರು ಮಾನದಂಡದ ಪ್ರಕಾರ ಇದೆ ಎಂಬುದಕ್ಕೆ ಅದು ಪುರಾವೆ! ಆಮೇಲೆ ಇನ್ನೊಂದು ಲೋಟ ನೀರಿನಲ್ಲಿ ನಿಮ್ಮ ಬೆರಳು ಅದ್ದಿಸುತ್ತಾರೆ, ಅಥವಾ ಅಕ್ಕಿ, ತರಕಾರಿ ಹಾಕಿ ಅಲ್ಲಾಡಿಸುತ್ತಾರೆ. ಈಗ ಹನಿ ಹಾಕಿದರೆ ಹಳದಿ ಬರುವುದಿಲ್ಲ. ನೋಡಿ, ನಿಮ್ಮ ಚರ್ಮ ಕ್ಲೋರಿನ್ ಹೀರಿಕೊಂಡಿತು, ನಿಮ್ಮ ಅನ್ನಕ್ಕೆ ವಿಷ ಸೇರಿತು ಎನ್ನುತ್ತಾರೆ. ನಡೆದದ್ದು ಇಷ್ಟೇ: ಬೆರಳಿನ ಬೆವರು, ಜಿಡ್ಡು, ಅಕ್ಕಿಯ ತೌಡು ಎಲ್ಲವೂ ಸಾವಯವ ವಸ್ತುಗಳು. ಕ್ಲೋರಿನ್ ಅವುಗಳ ಜೊತೆ ಪ್ರತಿಕ್ರಿಯಿಸಿ ಖರ್ಚಾಯಿತು, ಬಹುಪಾಲು ನಿರುಪದ್ರವಿ ಕ್ಲೋರೈಡ್ ಆಯಿತು. ನಾವು ತಿನ್ನುವ ಉಪ್ಪಿನಲ್ಲಿರುವುದೂ ಕ್ಲೋರೈಡೇ. ದೋಸೆ ಹಿಟ್ಟು ನಲ್ಲಿ ನೀರಿನಲ್ಲಿ ರುಬ್ಬಿದರೂ ಹುಳಿ ಬರುವುದು ಇದೇ ಕಾರಣಕ್ಕೆ. ಹಿಟ್ಟು ಅಷ್ಟು ಕ್ಲೋರಿನ್ನನ್ನು ನಿಮಿಷಗಳಲ್ಲಿ ಮುಗಿಸಿಬಿಡುತ್ತದೆ. ಅಂದ ಹಾಗೆ, ಆ ಹಳದಿ ನೀರನ್ನು ಯಾರೂ ಕುಡಿಯದಂತೆ ಚೆಲ್ಲಿಬಿಡಿ. ಆ ಹನಿಯೇ ಒಳ್ಳೆಯ ವಸ್ತುವಲ್ಲ.

ಎರಡನೆಯದು ಕಂದು ನೀರಿನ ಡೆಮೊ. ಎರಡು ಲೋಹದ ಕಡ್ಡಿಗಳಿರುವ ಪ್ಲಗ್ಗನ್ನು ನಲ್ಲಿ ನೀರಿಗಿಟ್ಟು ಕರೆಂಟು ಹಾಯಿಸುತ್ತಾರೆ, ನೀರು ಕೊಳಚೆಯಂತಾಗುತ್ತದೆ. ಆರ್‌ಒ ನೀರಿನಲ್ಲಿ ಏನೂ ಆಗುವುದಿಲ್ಲ. ಆ ಕಂದು ಬಣ್ಣ ಕಬ್ಬಿಣದ ಕಡ್ಡಿ ಕರಗಿ ಬಂದ ತುಕ್ಕು. ನೀರಿನಲ್ಲಿ ಲವಣವಿದ್ದರೆ ಕರೆಂಟು ಹರಿಯುತ್ತದೆ, ಇಲ್ಲದಿದ್ದರೆ ಇಲ್ಲ. ಅವರ ಆರ್‌ಒ ನೀರಿಗೇ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಇನ್ನೊಮ್ಮೆ ತೋರಿಸಿ ಎಂದು ಕೇಳಿ. ಅದೂ ಕಂದಾಗುತ್ತದೆ.

ನಲ್ಲಿಯಿಂದ ಹಾಲಿನಂತೆ ಬೆಳ್ಳಗೆ ನೀರು ಬಂದರೆ ಬ್ಲೀಚಿಂಗ್ ಪೌಡರ್ ಜಾಸ್ತಿಯಾಗಿದೆ ಎನ್ನುವವರೂ ಇದ್ದಾರೆ. ಒಂದು ಗಾಜಿನ ಲೋಟದಲ್ಲಿ ಹಿಡಿದು ನೋಡಿ. ತಳದಿಂದ ಮೇಲಕ್ಕೆ ನಿಮಿಷದಲ್ಲಿ ತಿಳಿಯಾದರೆ ಅದು ಗಾಳಿಯ ಗುಳ್ಳೆ. ಹಾಗಲ್ಲದೆ ತಳದಲ್ಲಿ ಬಿಳಿ ಪುಡಿ ಕೂತರೆ, ಅಥವಾ ಇದ್ದಕ್ಕಿದ್ದಂತೆ ಕಣ್ಣು ಉರಿಯುವಷ್ಟು ವಾಸನೆ ಬಂದರೆ ಆ ನೀರು ಬಳಸದೆ ನೀರು ಬಿಡುವವರಿಗೆ ತಿಳಿಸಿ. ಹಳ್ಳಿಗಳಲ್ಲಿ ಪೌಡರನ್ನು ಅಂದಾಜಿನ ಮೇಲೆ ಸುರಿಯುವುದುಂಟು. ಜಲಜೀವನ್ ಮಿಷನ್ ಅಡಿಯಲ್ಲಿ ಗ್ರಾಮ ಪಂಚಾಯಿತಿಗಳಿಗೆ ಕೊಟ್ಟಿರುವ ನೀರು ಪರೀಕ್ಷಾ ಕಿಟ್‌ಗಳಲ್ಲಿ ಉಳಿಕೆ ಕ್ಲೋರಿನ್ ಪರೀಕ್ಷೆಯೂ ಇದೆ. ನಮ್ಮ ನಲ್ಲಿಯಲ್ಲಿ ಎಷ್ಟಿದೆ ಎಂದು ಕೇಳಿ, ಹೆಚ್ಚಿದೆಯೇ ಎಂದಷ್ಟೇ ಅಲ್ಲ, ಸೊನ್ನೆಯೇ ಎಂದೂ ಕೇಳಿ.

ತೆಗೆಯಲೇಬೇಕಾದವರು

ಕೆಲವು ಕಡೆ ಕ್ಲೋರಿನ್ ತೆಗೆಯುವುದು ರುಚಿಯ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. ಡಯಾಲಿಸಿಸ್ ಅದರಲ್ಲಿ ಮೊದಲನೆಯದು. ನಾವು ಕುಡಿದ ಕ್ಲೋರಿನ್ ಬಾಯಿ, ಹೊಟ್ಟೆಯಲ್ಲೇ ಆಹಾರ, ಎಂಜಲಿನ ಜೊತೆ ಪ್ರತಿಕ್ರಿಯಿಸಿ ಮುಗಿಯುತ್ತದೆ. ಡಯಾಲಿಸಿಸ್‌ನಲ್ಲಿ ಒಂದು ಸಲಕ್ಕೆ ನೂರಕ್ಕೂ ಹೆಚ್ಚು ಲೀಟರ್ ನೀರು ತೆಳು ಪೊರೆಯ ಆಚೆ ರಕ್ತದ ಪಕ್ಕದಲ್ಲೇ ಹರಿಯುತ್ತದೆ. ಅಲ್ಲಿ ಕ್ಲೋರಿನ್ ಅಥವಾ ಕ್ಲೋರಮೀನ್ ನುಸುಳಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಅದಕ್ಕೇ ಡಯಾಲಿಸಿಸ್ ಕೇಂದ್ರಗಳಲ್ಲಿ ಕಾರ್ಬನ್ ಟ್ಯಾಂಕುಗಳನ್ನಿಟ್ಟು ಪದೇ ಪದೇ ಪರೀಕ್ಷಿಸಬೇಕು. ಮನೆಯಲ್ಲೇ ಡಯಾಲಿಸಿಸ್ ಯಂತ್ರ ಇಟ್ಟುಕೊಂಡವರು ಫಾರ್ವರ್ಡಿನ ಉಪಾಯಗಳ ಕಡೆ ತಿರುಗಿಯೂ ನೋಡಬಾರದು.

ಮೀನು ಸಾಕುವವರಿಗೂ ಇದು ಗೊತ್ತು. ಕಿವಿರುಗಳ ಮೂಲಕ ಕ್ಲೋರಿನ್ ಮೀನನ್ನು ಬೇಗ ಕೊಲ್ಲುತ್ತದೆ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಹರಳು ಸೋಡಿಯಂ ಥಯೋಸಲ್ಫೇಟ್, ಕ್ಷಣದಲ್ಲಿ ಕ್ಲೋರಿನ್ ಅಳಿಸುತ್ತದೆ. ಬ್ಯಾಕ್ಟೀರಿಯಾ ಪರೀಕ್ಷೆಗೆ ನೀರಿನ ಸ್ಯಾಂಪಲ್ ತೆಗೆಯುವ ಬಾಟಲಿಯಲ್ಲೂ ಮೊದಲೇ ಇದನ್ನು ಹಾಕಿಟ್ಟಿರುತ್ತಾರೆ. ಇಲ್ಲದಿದ್ದರೆ ಲ್ಯಾಬಿಗೆ ಹೋಗುವ ದಾರಿಯಲ್ಲೂ ಕ್ಲೋರಿನ್ ಬ್ಯಾಕ್ಟೀರಿಯಾ ಕೊಲ್ಲುತ್ತಾ ಹೋಗಿ ಫಲಿತಾಂಶ ತಪ್ಪುತ್ತದೆ.

ಸ್ನಾನದ ನೀರು, ಕೂದಲು? ಈಜುಕೊಳದಲ್ಲಿ ದಿನವೂ ಈಜುವವರ ಕೂದಲು ಒರಟಾಗುವುದು ನಿಜ. ಅಲ್ಲಿ ಕ್ಲೋರಿನ್ ಹೆಚ್ಚು, ನೆನೆಯುವ ಹೊತ್ತೂ ಹೆಚ್ಚು. ನಲ್ಲಿ ನೀರಿನಿಂದ ತಲೆ ಬೋಳಾಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ತೀರಾ ಸೂಕ್ಷ್ಮ ಚರ್ಮದವರು, ಎಕ್ಸಿಮಾ ಇರುವವರು ಬಕೆಟ್ಟಿಗೆ ನೀರು ತುಂಬಿ ಸ್ವಲ್ಪ ಹೊತ್ತು ಬಿಡಬಹುದು, ಅಥವಾ ವಿಟಮಿನ್ ಸಿ ಬಳಸಬಹುದು. ಲೀಟರಿಗೆ ಅರ್ಧ ಮಿಲಿಗ್ರಾಂ ಕ್ಲೋರಿನ್ ಇರುವ 20 ಲೀಟರ್ ಬಕೆಟ್ಟಿಗೆ 25 ಮಿಲಿಗ್ರಾಂ ಸಾಕು, ಔಷಧ ಅಂಗಡಿಯ 500 ಮಿಲಿಗ್ರಾಂ ಮಾತ್ರೆಯ ಇಪ್ಪತ್ತನೇ ಒಂದು ಭಾಗ. ಇದಕ್ಕೆ ಸಾವಿರಾರು ರೂಪಾಯಿಯ ಶವರ್ ಫಿಲ್ಟರ್ ಕೊಳ್ಳಬೇಕೇ ಎಂಬುದು ನಿಮ್ಮ ಜೇಬಿಗೆ ಬಿಟ್ಟದ್ದು.

ಕೊನೆಗೆ ಅಮೆರಿಕದಲ್ಲಿರುವ ಮಗ, ಮಗಳಿಗೆ ಇದನ್ನು ಫಾರ್ವರ್ಡ್ ಮಾಡುವವರಿಗೆ ಒಂದು ಎಚ್ಚರಿಕೆ. ಅಲ್ಲಿನ ಅನೇಕ ನಗರಗಳಲ್ಲಿ ಈಗ ಕ್ಲೋರಿನ್ ಬದಲು ಕ್ಲೋರಮೀನ್ ಹಾಕುತ್ತಾರೆ. ಕ್ಲೋರಿನ್ ಜೊತೆ ಅಮೋನಿಯ ಸೇರಿಸಿದರೆ ಆಗುವುದು ಅದು. ಸ್ಯಾನ್ ಫ್ರಾನ್ಸಿಸ್ಕೋ 2004ರಿಂದ ಬಳಸುತ್ತಿದೆ. ಅದರಿಂದ ಟ್ರೈಹ್ಯಾಲೋಮೀಥೇನ್ ಕಡಿಮೆ ಹುಟ್ಟುತ್ತದೆ, ಉದ್ದ ಪೈಪಿನಲ್ಲಿ ಹೆಚ್ಚು ದಿನ ಬಾಳುತ್ತದೆ. ಎಲ್ಲ ಬದಲಾವಣೆಯೂ ಸುಖಾಂತವಾಗುವುದಿಲ್ಲ. ವಾಷಿಂಗ್ಟನ್ ನಗರ 2000ದಲ್ಲಿ ಕ್ಲೋರಮೀನಿಗೆ ಬದಲಾದ ಮೇಲೆ ಹಳೆಯ ಪೈಪುಗಳಿಂದ ಸೀಸ ಕರಗಿ ಮನೆಗಳ ನೀರಿಗೆ ಸೇರಿತು. ಕ್ಲೋರಮೀನ್ ಗಟ್ಟಿ ಪಿಂಡ. ರಾತ್ರಿಯಿಡೀ ತೆರೆದಿಟ್ಟರೂ ಹೋಗುವುದಿಲ್ಲ, ಕೆಲವು ನಿಮಿಷ ಕುದಿಸಿದರೂ ಬಹುಪಾಲು ಉಳಿಯುತ್ತದೆ. ಪಾತ್ರೆಯಲ್ಲಿ ನೀರು ಹಿಡಿದಿಟ್ಟು ಬೆಳಿಗ್ಗೆ ಮೀನಿನ ತೊಟ್ಟಿಗೆ ಹಾಕು ಎಂದು ಇಲ್ಲಿಂದ ಅಮ್ಮ ಹೇಳಿದ ಉಪಾಯ ಅಲ್ಲಿ ಮೀನನ್ನು ಕೊಲ್ಲುತ್ತದೆ. ಅಲ್ಲಿ ಬೇಕಾದ್ದು ಒಳ್ಳೆಯ ಕಾರ್ಬನ್ ಫಿಲ್ಟರ್, ಮೀನಿಗಾದರೆ ಕ್ಲೋರಮೀನ್ ಜೊತೆಗೆ ಅಮೋನಿಯವನ್ನೂ ಹಿಡಿಯುತ್ತದೆ ಎಂದು ಬರೆದಿರುವ ದ್ರಾವಣ.